ಶಟರ್ ಇಳಿದ ಮೇಲೂ ಮುಗಿಯದ ಬ್ಯಾಂಕ್: ಕೆಲಸದ ಒತ್ತಡ ಮನೆಯವರೆಗೆ ಬರದಂತೆ ತಡೆಯುವುದು ಹೇಗೆ?

"ನಾಲ್ಕು ಗಂಟೆಗೆ ಬ್ಯಾಂಕ್ ಮುಚ್ತೀರಲ್ಲ, ಆಮೇಲೆ ಏನ್ ಕೆಲಸ ಇರುತ್ತೆ?" ಬ್ಯಾಂಕಿನಲ್ಲಿರುವವರಿಗೆ ಈ ಮಾತು ಹೇಳದ ನೆಂಟರೇ ಇಲ್ಲ. ಆದರೆ ಬ್ಯಾಂಕಿನವರು ನನಗೆ ಬರೆದು ಕೇಳುವುದು ಬೇರೆ. ಎಂಟು ಗಂಟೆಗೆ ಮನೆ ಸೇರಿದರೂ ಬ್ಯಾಂಕ್ ತಲೆಯಿಂದ ಇಳಿಯಲ್ಲ, ಮಕ್ಕಳ ಮೇಲೆ ರೇಗ್ತೀನಿ, ಭಾನುವಾರ ಸಂಜೆ ಆದರೆ ಹೊಟ್ಟೆಯಲ್ಲಿ ಸಂಕಟ, ಏನು ಮಾಡಲಿ? ಕ್ಯಾಶಿಯರ್, ಫೀಲ್ಡ್ ಆಫೀಸರ್, ಮ್ಯಾನೇಜರ್, ಮೂರೂ ಥರದವರು ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ.

ಪ್ರಾಣಾಯಾಮದಿಂದ ಶುರು ಮಾಡುವುದಿಲ್ಲ. ಅದು ಒಳ್ಳೆಯದೇ, ಮಾಡಿ. ಆದರೆ ಒತ್ತಡ ಹುಟ್ಟುವುದು ಬ್ರಾಂಚಿನಲ್ಲಾದರೆ ಬರೀ ಮನೆಯಲ್ಲಿ ಮದ್ದು ಹುಡುಕಿ ಪ್ರಯೋಜನವಿಲ್ಲ. ನಾನು ಕಂಡಂತೆ ಬ್ಯಾಂಕ್ ನೌಕರರ ಸಂಸಾರ ಕೆಡಿಸುವುದು ಕೆಲಸದ ಗಂಟೆಗಳಿಗಿಂತ ಜಾಸ್ತಿ, ಅದು ಯಾವಾಗ ಮುಗಿಯುತ್ತದೆ ಅಂತ ಗೊತ್ತಿಲ್ಲದಿರುವುದು. ದಿನಾ ಎಂಟಕ್ಕೆ ಬರುತ್ತೀರಿ ಅಂತಾದರೆ ಮನೆಯವರು ಎಂಟಕ್ಕೆ ಹೊಂದಿಕೊಳ್ಳುತ್ತಾರೆ. ಆರೂವರೆ ಅಂತ ಹೇಳಿ ಎಂಟೂವರೆಗೆ ಬಂದರೆ ಹೊಂದಿಕೊಳ್ಳುವುದು ಯಾರಿಗೂ ಆಗಲ್ಲ. ಹಾಗಾಗಿ ಕೆಳಗಿನ ಹೆಚ್ಚಿನ ಹಂತಗಳ ಗುರಿ ಒಂದೇ: ನಿಮ್ಮ ಸಂಜೆ ಮೊದಲೇ ಗೊತ್ತಿರುವಂತೆ ಮಾಡಿಕೊಳ್ಳುವುದು.

ಏನೇನು ಬೇಕು?

ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್. ನಿಮ್ಮ ಬ್ಯಾಂಕಿನ ಎಚ್‌ಆರ್ ಪೋರ್ಟಲ್‌ನಿಂದ ತೆಗೆದ ರಜೆ ಬಾಕಿಯ ಪಟ್ಟಿ. ರಜೆ ನಿಯಮಗಳ ಪ್ರತಿ. ಸರ್ಕಾರಿ ಬ್ಯಾಂಕಾದರೆ ಇದು ದ್ವಿಪಕ್ಷೀಯ ಒಪ್ಪಂದದಲ್ಲಿರುತ್ತದೆ. ದ್ವಿಪಕ್ಷೀಯ ಒಪ್ಪಂದ ಅಂದರೆ ಬ್ಯಾಂಕುಗಳ ಪರವಾಗಿ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಮತ್ತು ನೌಕರರ ಪರವಾಗಿ ಸಂಘಗಳು ಮಾಡಿಕೊಳ್ಳುವ ಸಂಬಳ-ಸೇವೆಯ ಕರಾರು. ಹನ್ನೆರಡನೆಯದಕ್ಕೆ 2024ರ ಮಾರ್ಚ್ 8ರಂದು ಸಹಿ ಬಿದ್ದಿದೆ, ಅಧಿಕಾರಿಗಳಿಗೆ ಅದೇ ದಿನ ಬೇರೆ ಜಾಯಿಂಟ್ ನೋಟ್ (ಇಂಥದ್ದೇ ಕರಾರು) ಆಗಿದೆ. ಖಾಸಗಿ ಬ್ಯಾಂಕಾದರೆ ನಿಮ್ಮ ನೇಮಕಾತಿ ಪತ್ರ ಮತ್ತು ಎಚ್‌ಆರ್ ಪಾಲಿಸಿ. ಇವನ್ನು ಓದದೆ ಮ್ಯಾನೇಜರ್ ಹತ್ತಿರ ಮಾತಿಗೆ ಹೋಗಬೇಡಿ.

1. ಹದಿನೈದು ದಿನ ಸುಮ್ನೆ ಬರೆದಿಡಿ

ಭಾವನೆ ಬರೆಯಬೇಡಿ, ಗಂಟೆ ಮತ್ತು ಕಾರಣ ಬರೆಯಿರಿ. ಹೀಗೆ: "ಸೋಮವಾರ. ಕ್ಯಾಶ್ ಟ್ಯಾಲಿ 5.10. ಹೊರಟದ್ದು 7.40. ಕಾರಣ: 5.30ಕ್ಕೆ ಆರ್‌ಒ ವಿಸಿ, ಆಮೇಲೆ ಬಾಕಿ ಉಳಿದ ಕೆವೈಸಿ. ಮನೆಗೆ ಬಂದ ಮೇಲೆ ಫೋನ್: 3." (ಆರ್‌ಒ ಅಂದರೆ ರೀಜನಲ್ ಆಫೀಸ್, ವಿಸಿ ಅಂದರೆ ವಿಡಿಯೊ ಕಾನ್ಫರೆನ್ಸ್ ಮೀಟಿಂಗ್.)

ಎರಡು ವಾರ ಬರೆದರೆ ಲೆಕ್ಕ ತಾನೇ ಕಾಣುತ್ತದೆ. "ದಿನಾ ಲೇಟಾಗುತ್ತೆ" ಅಂದುಕೊಂಡಿದ್ದು ಸೋಮವಾರ ಮತ್ತು ತಿಂಗಳ ಕೊನೇ ವಾರ ಮಾತ್ರ ಇರಬಹುದು. ಅಥವಾ ಲೇಟಾಗುವುದು ಕೆಲಸಕ್ಕಲ್ಲ, ಮ್ಯಾನೇಜರ್ ಏಳುವ ತನಕ ಯಾರೂ ಏಳದಿರುವುದಕ್ಕೆ ಇರಬಹುದು. ಇದು ಬಹಳ ಕಡೆ ಉಂಟು, ಅಲ್ವಾ?

*ಎಚ್ಚರ:* ಈ ಪುಸ್ತಕದಲ್ಲಿ ಗ್ರಾಹಕರ ಹೆಸರು, ಖಾತೆ ನಂಬರ್, ಸಾಲದ ಮೊತ್ತ ಯಾವುದೂ ಬೇಡ. ಅದು ಬ್ಯಾಂಕಿನ ಗುಟ್ಟು. ಬ್ಯಾಂಕ್ ಕಂಪ್ಯೂಟರ್‌ನಲ್ಲೋ ಬ್ರಾಂಚ್ ಗ್ರೂಪಿನಲ್ಲೋ ಬರೆಯಲೂ ಬೇಡಿ.

2. ನಿಮ್ಮದು ಯಾವ ಒತ್ತಡ ಅಂತ ಗುರುತಿಸಿ

ಬ್ಯಾಂಕಿನಲ್ಲಿ ಒತ್ತಡ ಮುಖ್ಯವಾಗಿ ಮೂರು ದಾರಿಯಲ್ಲಿ ಬರುತ್ತದೆ. ಒಂದು, ಕೌಂಟರ್: ತಪ್ಪಾದರೆ ಕೈಯಿಂದ ಕಟ್ಟಬೇಕಾಗುತ್ತದೆ ಅನ್ನುವ ಭಯ, ಎದುರಿಗೆ ಕ್ಯೂ. ಎರಡು, ಟಾರ್ಗೆಟ್: ಡೆಪಾಸಿಟ್, ಸಾಲ, ವಸೂಲಿ, ಇನ್ಶೂರೆನ್ಸ್. ಮೂರು, ಪೋಸ್ಟಿಂಗ್: ನೀವೊಂದು ಊರು, ಮನೆಯವರೊಂದು ಊರು.

ಮನೆಯಲ್ಲಿ ಇವು ಕಾಣುವ ರೀತಿಯೂ ಬೇರೆ. ಕೌಂಟರಿನವರು ರಾತ್ರಿ ಎದ್ದು ಕೂತು "ಆ ಚೆಕ್ ಪಾಸ್ ಮಾಡುವಾಗ ಸಹಿ ನೋಡಿದ್ನಾ?" ಅಂತ ಯೋಚಿಸುತ್ತಾರೆ. ಟಾರ್ಗೆಟಿನವರ ಕೈಯಿಂದ ಊಟದ ಹೊತ್ತಿಗೂ ಫೋನ್ ಇಳಿಯುವುದಿಲ್ಲ. ದೂರದ ಊರಿನವರು ವಾರಕ್ಕೊಮ್ಮೆ ಬಂದು, ಅರ್ಧ ದಿನ ನಿದ್ದೆ ಮಾಡಿ, ಮತ್ತೆ ಬಸ್ಸು ಹತ್ತುತ್ತಾರೆ. ಮೂರಕ್ಕೂ ಮದ್ದು ಒಂದೇ ಅಲ್ಲ. ನಿಮ್ಮ ನೋಟ್‌ಬುಕ್ಕಿನ "ಕಾರಣ" ಕಾಲಂ ಯಾವುದು ಜಾಸ್ತಿ ಅಂತ ಹೇಳುತ್ತದೆ. ಮೂರೂ ಇದ್ದರೆ ದೊಡ್ಡದನ್ನು ಮೊದಲು ಹಿಡಿಯಿರಿ.

3. ಕೌಂಟರ್: ಲೆಕ್ಕವನ್ನು ಸಂಜೆಗೆ ಉಳಿಸಬೇಡಿ

ಕ್ಯಾಶಿಯರ್ ಸಂಜೆ ಹಾಳಾಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಕ್ಯಾಶ್ ಟ್ಯಾಲಿ ಆಗಲ್ಲ, ಬೆಳಗಿನಿಂದ ಆದ ಎಲ್ಲ ವೋಚರ್ ತಿರುವಬೇಕು. ಊಟಕ್ಕೆ ಏಳುವ ಮೊದಲು ಒಮ್ಮೆ ಡಿನಾಮಿನೇಷನ್ ಪ್ರಕಾರ, ಅಂದರೆ 500, 200, 100 ಹೀಗೆ ನೋಟಿನ ಬೆಲೆವಾರು, ಎಣಿಸಿ ಸಿಸ್ಟಂ ಜೊತೆ ತಾಳೆ ನೋಡಿ. ಐದು ಹತ್ತು ನಿಮಿಷ ಹೋಗುತ್ತದೆ, ಕ್ಯೂನಲ್ಲಿರುವವರು ಗೊಣಗುತ್ತಾರೆ, ಗೊಣಗಲಿ. ಸಂಜೆ ವ್ಯತ್ಯಾಸ ಬಂದರೆ ಮಧ್ಯಾಹ್ನದ ಆಚೆಯ ವ್ಯವಹಾರ ಮಾತ್ರ ಹುಡುಕಿದರೆ ಸಾಕು.

ವ್ಯತ್ಯಾಸ ಬಂದಾಗ ಮೊದಲು ಅದನ್ನು 9ರಿಂದ ಭಾಗಿಸಿ ನೋಡುವುದು ಹಳೇ ಕ್ಯಾಶಿಯರುಗಳ ಅಭ್ಯಾಸ. ಶೇಷ ಬರದಿದ್ದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಇದೆ. 12,300 ಅನ್ನು 13,200 ಅಂತ ಹೊಡೆದಿದ್ದರೆ ವ್ಯತ್ಯಾಸ 900. ಸೊನ್ನೆ ತಪ್ಪಿದರೂ ಹಾಗೇ: 500 ಹೋಗಿ 50 ಆದರೆ 450. ಭಾಗವಾಗದಿದ್ದರೆ ಎಂಟ್ರಿ ಬಿಟ್ಟು ಮೊದಲು ನೋಟಿನ ಕಟ್ಟುಗಳನ್ನೇ ಮತ್ತೆ ಎಣಿಸಿ. ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ತೆಗೆಯುವುದೇ ಒಂದು ಗಂಟೆ ತಿನ್ನುತ್ತದೆ.

ಹಳ್ಳಿ ಬ್ರಾಂಚುಗಳಲ್ಲಿ ದಿನದ ಅರ್ಧ ಹೊತ್ತು ಪಾಸ್‌ಬುಕ್ ಎಂಟ್ರಿ ಮತ್ತು "ಗೃಹಲಕ್ಷ್ಮಿ ದುಡ್ಡು ಬಂತಾ?" ಅನ್ನುವುದಕ್ಕೇ ಹೋಗುತ್ತದೆ. ಆಗಸ್ಟ್ 2023ರಲ್ಲಿ ಯೋಜನೆ ಶುರುವಾದಾಗಿನಿಂದ ₹2,000 ಜಮೆಯಾಗುವ ದಿನಗಳಲ್ಲಿ ಕ್ಯೂ ಹೊರಗಿನ ಮೆಟ್ಟಿಲವರೆಗೂ ನಿಲ್ಲುತ್ತದೆ. ಬಂದವರ ತಪ್ಪಲ್ಲ ಅದು. ಆ ದಿನಗಳಿಗೆ ಬ್ಯಾಂಕ್ ಮಿತ್ರರನ್ನು (ಬ್ಯಾಂಕಿನ ಪರವಾಗಿ ಊರಲ್ಲೇ ಸಣ್ಣ ಮೊತ್ತ ಕೊಡುವ ಏಜೆಂಟರು) ಬ್ರಾಂಚ್ ಹೊರಗೇ ಕೂರಿಸಲು ಮ್ಯಾನೇಜರ್‌ಗೆ ಹೇಳಿ. ಆಧಾರ್ ಜೋಡಣೆಯ ಅರ್ಜಿಗೆ ಬೇರೆ ಹೊತ್ತು ಗೊತ್ತು ಮಾಡಿ, ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಾಗಿಲಿಗೆ ಹಚ್ಚಿ.

*ಎಚ್ಚರ:* ರಶ್ ಇದೆ ಅಂತ ಪಾಸ್‌ವರ್ಡ್ ಕೊಡಬೇಡಿ. ಬ್ಯಾಂಕಿನ ಪದ್ಧತಿ ಮೇಕರ್-ಚೆಕರ್, ಅಂದರೆ ಒಬ್ಬರು ಎಂಟ್ರಿ ಹಾಕುವುದು, ಇನ್ನೊಬ್ಬರು ನೋಡಿ ಪಾಸ್ ಮಾಡುವುದು. "ನಿಮ್ಮ ಐಡಿ ಸ್ವಲ್ಪ ಕೊಡಿ, ಬೇಗ ಮುಗಿಸ್ತೀನಿ" ಅಂದವರಿಗೆ ಕೊಟ್ಟ ದಿನ ಹತ್ತು ನಿಮಿಷ ಉಳಿಯುತ್ತದೆ. ವರ್ಷಗಳ ನಂತರ ಯಾವುದೋ ಖಾತೆ ಮೇಲೆ ತನಿಖೆ ಬಂದಾಗ ಆ ಎಂಟ್ರಿ ನಿಮ್ಮ ಹೆಸರಲ್ಲೇ ಇರುತ್ತದೆ. ರಾತ್ರಿ ನಿದ್ದೆ ಕೆಡಿಸುವ ಭಯಗಳಲ್ಲಿ ಇದು ದೊಡ್ಡದು, ಪೂರ್ತಿ ನಿಮ್ಮ ಕೈಯಲ್ಲಿರುವುದೂ ಇದೇ.

4. ಟಾರ್ಗೆಟ್: ತಿಂಗಳ ಮೊದಲ ವಾರ ಹಿಡಿಯಿರಿ

ಮೊದಲು ಎರಡು ಪದ. ಕಂತು ಬಾಕಿ ಉಳಿದು 90 ದಿನ ದಾಟಿದರೆ ಆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ (ಬೆಳೆ ಸಾಲಕ್ಕೆ ಲೆಕ್ಕ ಹಂಗಾಮಿನ ಮೇಲೆ). ಅದಕ್ಕೂ ಮುಂಚಿನ ಹಂತಗಳು ಎಸ್‌ಎಂಎ: ಬಾಕಿ 30 ದಿನದವರೆಗೆ ಇದ್ದರೆ ಎಸ್‌ಎಂಎ-0, 31ರಿಂದ 60 ಎಸ್‌ಎಂಎ-1, 61ರಿಂದ 90 ಎಸ್‌ಎಂಎ-2.

ಹಿಂದೆ ಬಹಳ ಕಡೆ ತ್ರೈಮಾಸಿಕದ ಕೊನೆಗೆ ಮಾತ್ರ ಇದರ ಬಿಸಿ ಇರುತ್ತಿತ್ತು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಖಾತೆಯ ಸ್ಥಿತಿಯನ್ನು ಪ್ರತಿದಿನದ ಡೇ-ಎಂಡ್‌ನಲ್ಲೇ, ಅಂದರೆ ಆ ದಿನದ ಲೆಕ್ಕ ಮುಗಿಸುವಾಗಲೇ, ಗುರುತಿಸಬೇಕು ಅಂತ ಸ್ಪಷ್ಟ ಮಾಡಿತು. ಹಾಗಾಗಿ ಈಗ ದಿನಾ ಒಂದು ಪಟ್ಟಿ ಬರುತ್ತದೆ, ದಿನಾ ಮೇಲಿನಿಂದ ಫೋನ್ ಬರುತ್ತದೆ. ಲೆಕ್ಕ ಸರಿಯಾಯಿತು, ಫೀಲ್ಡ್ ಆಫೀಸರ್ ಸಂಜೆ ಹೋಯಿತು.

ಮಾಡಬೇಕಾದ್ದು ಇಷ್ಟು. ಎಲ್ಲರೂ ಓಡುವುದು ಎಸ್‌ಎಂಎ-2 ಹಿಂದೆ, ಅಲ್ಲಿ ಜಗಳವೂ ಜಾಸ್ತಿ. ನೀವು ತಿಂಗಳ ಮೊದಲ ವಾರದಿಂದಲೇ, ಬೆಳಿಗ್ಗೆ ಗ್ರಾಹಕರು ಬರುವ ಮುಂಚಿನ ಅರ್ಧ ಗಂಟೆ ಎಸ್‌ಎಂಎ-0 ಪಟ್ಟಿಗೆ ಇಡಿ. ಒಂದು ಕಂತು ಬಾಕಿ ಇರುವವರು ಇನ್ನೂ ಫೋನ್ ಎತ್ತುತ್ತಾರೆ, ಮೂರು ಕಂತು ಬಾಕಿ ಇರುವವರು ಎತ್ತುವುದಿಲ್ಲ. ಎರಡು ಮೂರು ತಿಂಗಳು ಹೀಗೆ ಮಾಡಿದರೆ ಕೊನೇ ವಾರದ ಪಟ್ಟಿ ಚಿಕ್ಕದಾಗುತ್ತದೆ.

ರಾತ್ರಿ ವಸೂಲಿ ಫೋನ್ ಮಾಡಲು ಯಾರಾದರೂ ಒತ್ತಾಯಿಸಿದರೆ ನಿಮ್ಮ ಕೈಯಲ್ಲಿ ಒಂದು ನಿಯಮ ಇದೆ. ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೂ ಅವುಗಳ ಏಜೆಂಟರಿಗೂ ಹೇಳಿದೆ. ಅದು ಮಾಡಿರುವುದು ಸಾಲಗಾರರ ರಕ್ಷಣೆಗೆ. ನಿಮ್ಮ ಸಂಜೆಗೂ ಉಪಯೋಗಕ್ಕೆ ಬಂದರೆ ಬೇಡ ಅನ್ನುವವರು ಯಾರು?

ವಾಟ್ಸ್ಆ್ಯಪ್ ಗ್ರೂಪ್ ವಿಷಯ. ಕೆಲಸದ ಹೊತ್ತು ಮುಗಿದ ಮೇಲೆ ಮೇಲಧಿಕಾರಿಯ ಫೋನ್ ಎತ್ತದಿರುವ ಹಕ್ಕು ಕೊಡುವ ಕಾನೂನು ನಮ್ಮಲ್ಲಿ ಇಲ್ಲ. ಗ್ರೂಪ್ ಬಿಟ್ಟು ಹೊರಬಂದರೆ ಸುಮ್ನೆ ಕಣ್ಣಿಗೆ ಬೀಳುತ್ತೀರಿ. ಮ್ಯೂಟ್ ಮಾಡಿ, ರಾತ್ರಿ ಒಂದೇ ಸಲ, ಊಟಕ್ಕೆ ಮುಂಚೆ ನೋಡಿ ಉತ್ತರ ಹಾಕಿ. ಮಲಗುವ ಮುಂಚೆ ನೋಡಬೇಡಿ. ಮ್ಯಾನೇಜರ್ ಮತ್ತು ಜಾಯಿಂಟ್ ಕಸ್ಟೋಡಿಯನ್, ಅಂದರೆ ನಿಮ್ಮ ಜೊತೆ ವಾಲ್ಟಿನ ಇನ್ನೊಂದು ಕೀಲಿ ಇಟ್ಟುಕೊಂಡವರು, ಇಬ್ಬರ ಕರೆ ಮಾತ್ರ ತೆರೆದಿಡಿ. ಅಲಾರಂ ಹೊಡೆದರೆ ಅವರೇ ಕರೆಯುವುದು.

*ಎಚ್ಚರ:* ಟಾರ್ಗೆಟ್ ತುಂಬಿಸಲು ಎಫ್‌ಡಿ ಮಾಡಲು ಬಂದ ಅಜ್ಜನಿಗೆ ಇನ್ಶೂರೆನ್ಸ್ ಪಾಲಿಸಿ ಅಂಟಿಸಬೇಡಿ. ಆ ತಿಂಗಳ ಮೀಟಿಂಗ್ ಪಾರಾಗುತ್ತದೆ. ಮುಂದಿನ ವರ್ಷ ಪ್ರೀಮಿಯಂ ಕಟ್ಟಲಾಗದೆ ಅವರು ಮಗನನ್ನು ಕರೆದುಕೊಂಡು ಬಂದಾಗ ಆ ಮೀಟಿಂಗ್ ಕರೆದವರು ಯಾರೂ ನಿಮ್ಮ ಪಕ್ಕ ನಿಂತಿರುವುದಿಲ್ಲ.

5. ರಜೆ: ನಿಮ್ಮದೇ ದುಡ್ಡು, ಬಿಟ್ಟುಕೊಡಬೇಡಿ

ಸರ್ಕಾರಿ ಬ್ಯಾಂಕುಗಳಲ್ಲಿ ವರ್ಷಕ್ಕೆ 12 ದಿನ ಸಿಎಲ್ (ಕ್ಯಾಷುಯಲ್ ಲೀವ್), ಕೆಲಸ ಮಾಡಿದ ಪ್ರತಿ 11 ದಿನಕ್ಕೆ ಒಂದು ಪಿಎಲ್ (ಪ್ರಿವಿಲೇಜ್ ಲೀವ್). ಮಹಿಳಾ ನೌಕರರಿಗೆ 2024ರ ಒಪ್ಪಂದದಲ್ಲಿ ಒಂದು ಒಳ್ಳೆಯ ಅಂಶ ಸೇರಿದೆ: ತಿಂಗಳಿಗೆ ಒಂದು ದಿನ, ಡಾಕ್ಟರ್ ಸರ್ಟಿಫಿಕೇಟ್ ಇಲ್ಲದೆ ಸಿಕ್ ಲೀವ್ ತೆಗೆದುಕೊಳ್ಳಬಹುದು. ಇದು ಗೊತ್ತಿಲ್ಲದೆ ಸಿಎಲ್ ಖರ್ಚು ಮಾಡುವವರು ಇನ್ನೂ ಇದ್ದಾರೆ.

ಇನ್ನೊಂದು ರಜೆ ಇದೆ, ಅದರ ಬಗ್ಗೆ ಇನ್ನೂ ಕಡಿಮೆ ಜನರಿಗೆ ಗೊತ್ತು. ಟ್ರೆಷರಿ (ಬ್ಯಾಂಕಿನ ಹಣ ಹೂಡುವ ವಿಭಾಗ), ಕರೆನ್ಸಿ ಚೆಸ್ಟ್ (ರಿಸರ್ವ್ ಬ್ಯಾಂಕಿನ ನೋಟು ಇಡುವ ಭದ್ರ ಕೋಣೆ) ಥರದ ಸೂಕ್ಷ್ಮ ಜಾಗದಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ, ಮುಂಚೆ ಹೇಳದೆ, ಕಡ್ಡಾಯ ರಜೆಗೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಹೇಳಿದೆ. ಖಾಸಗಿ ವಾಣಿಜ್ಯ ಬ್ಯಾಂಕುಗಳಿಗೂ ಇದು ಅನ್ವಯ. ಉದ್ದೇಶ ನಿಮ್ಮ ವಿಶ್ರಾಂತಿ ಅಲ್ಲ, ನೀವಿಲ್ಲದಾಗ ವಂಚನೆ ಏನಾದರೂ ಇದ್ದರೆ ಹೊರಬೀಳಲಿ ಅಂತ. ಆದರೆ ಆ ದಿನಗಳಲ್ಲಿ ಆಂತರಿಕ ಇಮೇಲ್ ಬಿಟ್ಟು ಕೆಲಸದ ಯಾವ ಸಿಸ್ಟಂಗೂ ನಿಮಗೆ ಪ್ರವೇಶ ಇರಕೂಡದು. "ಸ್ವಲ್ಪ ಲಾಗಿನ್ ಆಗಿ ಒಂದು ಎಂಟ್ರಿ ನೋಡಿ" ಅಂತ ಯಾರೂ ಕೇಳುವಂತಿಲ್ಲ. ನಿಮ್ಮ ಹುದ್ದೆ ಆ ಪಟ್ಟಿಯಲ್ಲಿದೆಯಾ ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ.

ರಜೆ ಸಿಗದಿರುವುದಕ್ಕೆ ದೊಡ್ಡ ಕಾರಣ, ಎಲ್ಲರೂ ಒಂದೇ ಹೊತ್ತಿಗೆ ಕೇಳುವುದು. ನಮ್ಮ ಹಬ್ಬಗಳೂ ಬ್ಯಾಂಕಿನ ಲೆಕ್ಕವೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ಮಾರನೇ ದಿನವೇ ಇಯರ್ ಎಂಡ್. ಅದೇ ವರ್ಷ ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕ, ಮರುದಿನ ಆಯುಧಪೂಜೆ. ಡಿಸೆಂಬರ್‌ನಲ್ಲಿ ಹೊಸ ಪಂಚಾಂಗದ ಕ್ಯಾಲೆಂಡರ್ ಬಂದ ತಕ್ಷಣ ಕೂತು ಎರಡು ಬಣ್ಣದಲ್ಲಿ ಗುರುತು ಹಾಕಿ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯ ಹತ್ತು ದಿನ ಒಂದು ಬಣ್ಣ, ಮನೆಯ ಹಬ್ಬ, ಮದುವೆ, ಮಕ್ಕಳ ಪರೀಕ್ಷೆ ಇನ್ನೊಂದು. ಎರಡೂ ಮುಟ್ಟದ ಜಾಗಗಳಲ್ಲಿ ಪಿಎಲ್ ಹಾಕಿ, ಅದೂ ಎರಡು ತಿಂಗಳು ಮುಂಚೆ, ಪೋರ್ಟಲ್‌ನಲ್ಲೇ. ಬಾಯಿಮಾತಲ್ಲಿ "ಆಯ್ತು ಹೋಗಿ" ಅಂದಿದ್ದು ರಜೆ ಅಲ್ಲ.

*ಎಚ್ಚರ:* ನಿವೃತ್ತಿ ಹೊತ್ತಿಗೆ ಪಿಎಲ್ ನಗದಾಗುತ್ತದೆ ಅಂತ ಕೂಡಿಡುವವರು ತುಂಬಾ. ನಗದೀಕರಣಕ್ಕೆ ಮಿತಿ ಇದೆ, ಅದರಾಚೆ ಕೂಡಿಟ್ಟಿದ್ದು ದಂಡ. ಮಗಳ ಆರನೇ ಕ್ಲಾಸು ನಗದಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಲೆಕ್ಕ ನಿಮ್ಮದು.

6. ಮನೆಯಲ್ಲಿ ಹೇಳುವುದು

ಇದು ಚಿಕ್ಕ ಹಂತ. ಭಾನುವಾರ ಆ ವಾರದ ಸಂಜೆಗಳನ್ನು ಮನೆಯವರಿಗೆ ಹೇಳಿಬಿಡಿ: "ಬುಧವಾರ ಆಡಿಟ್, ಒಂಬತ್ತಾಗುತ್ತೆ. ಶುಕ್ರವಾರ ಏಳಕ್ಕೆ ಇರ್ತೀನಿ." ಏಳಕ್ಕೆ ಅಂದ ದಿನ ಏಳಕ್ಕೇ ಬನ್ನಿ. ವಾರಕ್ಕೆ ಎರಡು ಸಂಜೆ ಖಾತ್ರಿಯಾಗಿ ಸಿಕ್ಕರೆ ಉಳಿದ ದಿನಗಳ ಮೇಲಿನ ಮುನಿಸು ಬಹಳ ಕಡಿಮೆಯಾಗುತ್ತದೆ. ಮನೆಗೆ ಬಂದ ಕೂಡಲೇ ಕರೆಂಟ್ ಬಿಲ್ಲು, ಮಕ್ಕಳ ಫೀಸು ಮಾತು ಬೇಡ, ಕಾಲು ಗಂಟೆ ಬಿಡಿ ಅಂತ ಕೇಳಿಕೊಳ್ಳಿ. ಆದರೆ ಆ ಕಾಲು ಗಂಟೆ ಫೋನ್ ಹಿಡಿದು ಕೂತರೆ ಯಾರೂ ಮುಂದೆ ಬಿಡುವುದಿಲ್ಲ.

ಮನೆಯಲ್ಲಿ ಇಬ್ಬರೂ ಬ್ಯಾಂಕಾದರೆ ಬ್ಯಾಂಕ್ ಮಾತಿಗೆ ಹೊತ್ತು ಗೊತ್ತು ಮಾಡಿಕೊಳ್ಳಿ. ಊಟಕ್ಕೆ ಕೂತ ಮೇಲೆ ಆರ್‌ಒ ಸುದ್ದಿ ಬೇಡ.

7. ಮೇಲಿನವರನ್ನು ಕೇಳುವುದು, ಬರೆದು ಕೇಳುವುದು

ನೋಟ್‌ಬುಕ್ ಈಗ ಕೆಲಸಕ್ಕೆ ಬರುತ್ತದೆ. "ತುಂಬಾ ಒತ್ತಡ ಆಗ್ತಿದೆ ಸರ್" ಅಂದರೆ "ಯಾರಿಗಿಲ್ಲಮ್ಮ?" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ಒಂದೇ ಒಂದು ವಿಷಯ, ಲೆಕ್ಕ ಸಮೇತ ಕೇಳಿ: "ಸರ್, ಕಳೆದ ಹದಿನೈದು ದಿನದಲ್ಲಿ ಎಂಟು ದಿನ ವಿಸಿ 5.30ರ ನಂತರ ಶುರುವಾಗಿದೆ. ವಾರದಲ್ಲಿ ಎರಡು ದಿನವಾದರೂ ಬೆಳಿಗ್ಗೆ 9.30ಕ್ಕೆ ಇಡಬಹುದಾ?" ಮಾತಾಡಿದ್ದನ್ನು ಅದೇ ದಿನ ಎರಡು ಸಾಲು ಮೇಲ್ ಮಾಡಿ. ಕ್ಲರ್ಕ್ ಆಗಿದ್ದರೆ ನಿಗದಿತ ಹೊತ್ತು ಮೀರಿದ ಕೆಲಸಕ್ಕೆ ಓವರ್‌ಟೈಮ್ ಉಂಟು ಅನ್ನುವುದು ನೆನಪಿರಲಿ. ಅಧಿಕಾರಿಗಳಿಗೆ ಆ ಸೌಲಭ್ಯ ಇಲ್ಲ.

ಪೋಸ್ಟಿಂಗ್ ವಿಷಯಕ್ಕೆ ಮಾತು ಸಾಲದು, ಅರ್ಜಿಯೇ ಬೇಕು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿಗೆ ಸೇರಿದ ಮೇಲೆ ಕರಾವಳಿಯಲ್ಲಿ ಹುಟ್ಟಿದ ಆ ಬ್ಯಾಂಕುಗಳ ಅಧಿಕಾರಿಗಳಿಗೆ ವರ್ಗಾವಣೆಯ ನಕ್ಷೆ ಇನ್ನೂ ದೊಡ್ಡದಾಯಿತು. ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2024ರ ನವೆಂಬರ್‌ನಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಈ ಬಗ್ಗೆ ಸಲಹೆ ಕಳಿಸಿದೆ: ಮಹಿಳೆಯರನ್ನು ಸಾಧ್ಯವಾದಷ್ಟು ಹತ್ತಿರದಲ್ಲಿ ಹಾಕಿ, ವರ್ಷದ ನಡುವೆ ವರ್ಗ ತಪ್ಪಿಸಿ, ಜೂನ್ ಒಳಗೆ ಮುಗಿಸಿ. ಸಲಹೆ ಅಂದರೆ ಆದೇಶದಷ್ಟು ಗಟ್ಟಿ ಅಲ್ಲ, ಆದರೆ ಅರ್ಜಿಯಲ್ಲಿ ಉಲ್ಲೇಖಿಸಲು ಸಾಕು. ಗಂಡ ಅಥವಾ ಹೆಂಡತಿಯ ಉದ್ಯೋಗ ಪತ್ರ, ತಂದೆ-ತಾಯಿಯ ಚಿಕಿತ್ಸೆ ಕಾಗದ ಜೊತೆಗಿಡಿ. ವರ್ಷ ಶುರುವಾಗುವ ಮುಂಚೆಯೇ ಹಾಕಿ. ಪಟ್ಟಿ ಹೊರಬಿದ್ದ ಮೇಲೆ ಅತ್ತರೆ ಸಂಘದವರಿಗೂ ಮಾಡಲು ಜಾಸ್ತಿ ಉಳಿದಿರುವುದಿಲ್ಲ.

ರಿವ್ಯೂ ಮೀಟಿಂಗಿನಲ್ಲಿ ಬೈಗುಳ ಆದರೆ ತಿರುಗಿಸಿ ಬೈಯಬೇಡಿ. ದಿನ, ಹೊತ್ತು, ಆಡಿದ ಮಾತು, ಯಾರಿದ್ದರು ಅಷ್ಟನ್ನೂ ಅವತ್ತೇ ಬರೆದಿಟ್ಟು ಸಂಘದ ಪ್ರತಿನಿಧಿಗೆ ಅಥವಾ ಎಚ್‌ಆರ್‌ಗೆ ಕೊಡಿ. ಹೆಣ್ಣುಮಕ್ಕಳಿಗೆ ಲೈಂಗಿಕ ಧ್ವನಿಯ ಮಾತಾದರೆ ದಾರಿ ಬೇರೆ. 2013ರ ಕಾಯ್ದೆ ಪ್ರಕಾರ ಬ್ಯಾಂಕಿನಲ್ಲೇ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ.

8. ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಎರಡು ವಾರದಿಂದ ನಿದ್ದೆ ಸರಿಯಿಲ್ಲ. ಬಿಪಿ ಏರಿದೆ. ಕುಡಿತ ವಾರಕ್ಕೊಮ್ಮೆ ಇದ್ದದ್ದು ದಿನಾ ಆಗಿದೆ. ಬ್ರಾಂಚ್ ಬೋರ್ಡ್ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಇವುಗಳಲ್ಲಿ ಒಂದಿದ್ದರೂ ಮೇಲಿನ ಹಂತಗಳ ಜೊತೆಗೇ ಡಾಕ್ಟರ್ ನೋಡಿ, ಅವು ಮುಗಿಯಲಿ ಅಂತ ಕಾಯಬೇಡಿ. ವಾರಕ್ಕೆ 55 ಗಂಟೆ ಅಥವಾ ಜಾಸ್ತಿ ದುಡಿಯುವವರಿಗೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ನಿಮ್ಮ ನೋಟ್‌ಬುಕ್ಕಿನ ಗಂಟೆ ಕೂಡಿಸಿ ನೋಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416. ಇಪ್ಪತ್ನಾಲ್ಕು ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಆ ಕ್ಷಣವೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಒಬ್ಬರೇ ಇರಬೇಡಿ. ಚಿಕಿತ್ಸೆ ಪಡೆದರೆ ಪ್ರಮೋಷನ್ ಕೆಡುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಡಾಕ್ಟರ್ ಹತ್ತಿರ ಹೋದ ವಿಷಯ ಬ್ರಾಂಚಿಗೆ ಹೇಳಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ಗುಟ್ಟು ಕಾಯುತ್ತದೆ, ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ನೋಡಬೇಕು ಅಂತಲೂ ಹೇಳುತ್ತದೆ.

*ಎಚ್ಚರ:* ಮೆಡಿಕಲ್ ಶಾಪಿನಲ್ಲಿ ಪರಿಚಯದವರಿಂದ ನಿದ್ದೆ ಮಾತ್ರೆ ತರಬೇಡಿ. ರಾಜೀನಾಮೆ ಪತ್ರವನ್ನೂ ನಿದ್ದೆಗೆಟ್ಟ ವಾರದಲ್ಲಿ ಬರೆಯಬೇಡಿ. ಸಿಬ್ಬಂದಿ ದರದಲ್ಲಿ ತೆಗೆದ ಮನೆ ಸಾಲ ಇದ್ದರೆ, ಕೆಲಸ ಬಿಟ್ಟ ಮೇಲೆ ಅದರ ಬಡ್ಡಿ ಏನಾಗುತ್ತದೆ, ಕಂತು ಎಷ್ಟಾಗುತ್ತದೆ ಅಂತ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ.

ಯಾವಾಗ ಶುರು ಮಾಡಲಿ ಅಂದರೆ, ಮಾರ್ಚ್‌ನಲ್ಲಂತೂ ಬೇಡ. ಇಯರ್ ಎಂಡ್ ಗಡಿಬಿಡಿಯಲ್ಲಿ ಬರೆದ ನೋಟ್‌ಬುಕ್ ವರ್ಷದ ಉಳಿದ ತಿಂಗಳುಗಳ ನಿಜ ಹೇಳುವುದಿಲ್ಲ. ಏಪ್ರಿಲ್ ಎರಡನೇ ವಾರ ಅಥವಾ ಯಾವುದೇ ತ್ರೈಮಾಸಿಕದ ಎರಡನೇ ಸೋಮವಾರ ನೋಡಿ ಮೊದಲ ಸಾಲು ಬರೆಯಿರಿ.